ಪುಸ್ತಕ ನಂಬರು ೧೧೪೭

ಉಡುಪಿಯ ಕೊನೆಯ ಬಸ್ಸು ರಿವರ್ಸ್ ತೆಗೆದು ತಿರುಗುವಲ್ಲೇ
ನಮ್ಮ ಕುಂಟಲಪಾದೆ ಪಂಚಾಯತಿನ ಲೈಬ್ರೆರಿ.
ಎರಡು ಕಪಾಟು, ಒಂದು ಫ್ಯಾನು, ಮೇಲ್ವಿಚಾರಕಿ ನಾನು.
ಹರಿದ ಪುಸ್ತಕಗಳ ಪಟ್ಟಿ ಕಳಿಸಿ ಎಂದು ಮೇಲಿನಿಂದ ಕಾಗದ ಬಂತು,
ಹಾಗೆ ಕೈಗೆ ಸಿಕ್ಕಿದ್ದು ಈ ಪತ್ತೇದಾರಿ.

ರಟ್ಟು ಇಲ್ಲ. ಬರೆದವರ ಹೆಸರು ಗೆದ್ದಲಿನ ಹೊಟ್ಟೆಯಲ್ಲಿ.
ಘಟ್ಟದ ಮೇಲಿನವರಿರಬೇಕು: ಕತೆಯ ಊರಿನಲ್ಲಿ
ಅರಳಿಕಟ್ಟೆ, ರಾಗಿಮುದ್ದೆ, ಗೌಡರ ಮೀಸೆ,
ಮೂವತ್ತು ವರ್ಷದ ಹಿಂದೆ ಹೂತ ಹೆಣ.
ಸಿಗರೇಟು ಸೇದುತ್ತ ಒಬ್ಬ ಇನ್ಸ್‌ಪೆಕ್ಟರು ಬರುತ್ತಾನೆ,
ನೂರಾ ಎಪ್ಪತ್ತೆರಡು ಪುಟದಲ್ಲಿ ಎಲ್ಲ ಗೊತ್ತಾಗುತ್ತದೆ ಅವನಿಗೆ.

ಅಂಚಿನಲ್ಲಿ ಮಾತ್ರ ಪೆನ್ಸಿಲು.

ಪುಟ ಹದಿನಾಲ್ಕು. ‘ಅಮಾವಾಸ್ಯೆಯ ಕಗ್ಗತ್ತಲು’ ಎಂಬಲ್ಲಿ ಗೀಟು ಹಾಕಿ:
ತಿಂಗಳ ಬೆಳಕು ಇತು.
ಪುಟ ಮೂವತ್ತೊಂದು. ‘ಕೊಡಲಿ’ಗೆ ಕಾಟು ಹೊಡೆದು: ಹಾರೆ.
ಹೆಣದ ಕಾಲಿನ ಬೂಟಿನ ಪಕ್ಕ:
ಒಂದೇ ಚಪಲಿ. ಇನೊಂದು ಬೆಳಿಗೆ ಬದುವಿನಲಿ ಸಿಕಿತು.
ಪುಟ ಅರವತ್ತಾರು: ಹೊಲ ಅಲ. ಹಾಳುಬಾವಿ.

ಮೊದಲು ನಗು ಬಂತು. ಇಷ್ಟು ಸಿಟ್ಟಿನ ಓದುಗರು ಯಾರಪ್ಪ!
ಆಮೇಲೆ ಬೆನ್ನು ತಣ್ಣಗಾಯಿತು.
ಕಟ್ಟುಕತೆಯನ್ನು ಯಾರಾದರೂ ತಿದ್ದುತ್ತಾರಾ ಮಾರಾಯ್ರೆ,
ನಿಜ ಗೊತ್ತಿರದೆ?

ನಮ್ಮೂರಲ್ಲಿ ಕಾಣೆಯಾದವನು ಒಬ್ಬನೇ, ದೂಮ.
ಡಿಕ್ಲರೇಶನ್ ಕೊಡುವ ವರ್ಷ, ಕಾಗದ ಸುರುಳಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿ
ನಸುಕಿನ ಬಸ್ಸಿಗೆ, ತಾಲೂಕು ಆಫೀಸಿಗೆಂದು ಹೊರಟವನು.
ಬೊಂಬಾಯಿಗೆ ಹೋದ ಎಂದರು. ಎಲ್ಲರೂ ಹೋಗುತ್ತಿದ್ದರಲ್ಲ,
ಹೋಟೆಲಿಗೆ, ಮಿಲ್ಲಿಗೆ, ಉಟ್ಟ ಬಟ್ಟೆಯಲ್ಲೇ ಓಡಿ.
ಮನಿಯಾರ್ಡರು ಬರಲಿಲ್ಲ; ಅವನು ಅಂಥವನೇ ಎಂದರು.
ಈಗ ಕೇಳಿದರೂ ಅದೇ ಮಾತು, ಅದೇ ರಾಗ,
ಮಗ್ಗಿ ಒಪ್ಪಿಸಿದ ಹಾಗೆ: ಬೊಂಬಾಯಿಗೆ ಹೋದ.

ನಾನೂ ಪತ್ತೆಗೆ ಕೂತೆ. ಸಿಗರೇಟು ಇಲ್ಲ,
ಬೆಲ್ಲದ ಕಣ್ಣ ಚಾ, ಎರವಲಿನ ರಿಜಿಸ್ಟರು.
೧೧೪೭ ಕೊಂಡುಹೋದವರು ಒಂಬತ್ತು ಮಂದಿ.
ಗಂಡಸರನ್ನೇ ಹುಡುಕಿದೆ, ನನ್ನ ಬುದ್ಧಿಯೂ ಅಷ್ಟೇ.
ಸೊಸೈಟಿಯ ಗುಮಾಸ್ತರ ಅಕ್ಷರ ಓರೆ, ಮಾಸ್ಟ್ರದ್ದು ದುಂಡು,
ಸಿರಿಲ್ ಮತಾಯಸರದ್ದು ಇರುವೆ ಸಾಲು.
ಪೆನ್ಸಿಲಿನದು ಬೇರೆ. ಒಂದೊಂದಕ್ಷರ ಒಂದೊಂದು ಕಲ್ಲು,
ಹೊತ್ತು ತಂದು ಇಟ್ಟ ಹಾಗೆ. ಒತ್ತು ಎಲ್ಲೂ ಇಲ್ಲ.

ಒಂಬತ್ತನೆಯ ಸಾಲಿನಲ್ಲಿ ಸಹಿ: ಅಪಿ.

ಬೀಡಿ ಕಟ್ಟುತ್ತಿದ್ದ ಅಪ್ಪಿಯಕ್ಕ. ದೂಮನ ತಂಗಿ.
ಐವತ್ತರ ಹತ್ತಿರ ರಾತ್ರಿಶಾಲೆಯಲ್ಲಿ ಅ ಆ ತಿದ್ದಿದವಳು.
‘ಎಂತಕ್ಕೆ ಅಪ್ಪಿ, ಈ ಪ್ರಾಯದಲ್ಲಿ?’ ಎಂದವರಿಗೆ
‘ಬಸ್ಸಿನ ಬೋರ್ಡು ಓದಲಿಕ್ಕೆ’ ಎನ್ನುತ್ತಿದ್ದಳಂತೆ.
ಆರು ಸಲ ರಿನೀವಲ್ ಮಾಡಿಸಿದ್ದಾಳೆ.
ಏಳನೆಯ ಸಲ ಪುಸ್ತಕ ಮಾತ್ರ ಬಂತು.

ಕೊನೆಯ ಪುಟದಲ್ಲಿ ಇನ್ಸ್‌ಪೆಕ್ಟರು ಬೆರಳು ನೀಡಿ
ಕೊಲೆಗಾರನ ಹೆಸರು ಹೇಳುತ್ತಾನೆ. ಪಕ್ಕದಲ್ಲಿ: ಅಲ.
ಕೆಳಗೊಂದು ಹೆಸರು ಬರೆದು, ರಬ್ಬರಿನಲ್ಲಿ ಉಜ್ಜಿ ಉಜ್ಜಿ
ಕಾಗದವೇ ತೂತಾಗಿದೆ.
ಅದರಡಿಯಲ್ಲಿ, ಉಜ್ಜದೆ ಬಿಟ್ಟದ್ದು:
ಬಾವಿ ಮುಚಿದರು. ಈಗ ಮೇಲೆ ಪುಸತಕ ಉಂಟು.

ಕುರ್ಚಿಯಲ್ಲೇ ಕಾಲು ಮೇಲೆತ್ತಿಕೊಂಡೆ,
ನೀರಿಗೆ ಹೆದರಿದ ಮಗುವಿನ ಹಾಗೆ.
ಕಾವಿ ಸಿಮೆಂಟಿನ ನೆಲ. ಕಪಾಟಿನ ಬುಡದಲ್ಲಿ
ಪ್ರತಿ ಆಟಿ ತಿಂಗಳಿಗೆ ಒದ್ದೆಯೇಳುವ ಒಂದು ದುಂಡು;
ಇಷ್ಟು ವರ್ಷ ಕಂತ್ರಾಟುದಾರನಿಗೆ ಬೈಯುತ್ತಿದ್ದೆವು.

ಪುಸ್ತಕದಲ್ಲಿ ಗೀಚಿದವರಿಗೆ ಐದು ರೂಪಾಯಿ ದಂಡ, ಗೋಡೆಯಲ್ಲಿ ಬರೆದುಂಟು.
ನಾನೇ ಹಾಕಿ ರಶೀದಿ ಹರಿದೆ, ಅಪಿ ಎಂದೇ ಬರೆದೆ.
ಆ ಕೊಲೆಗೆ ಈ ಊರಿನಲ್ಲಿ
ಇದುವರೆಗೆ ಯಾರಾದರೂ ಕಟ್ಟಿದ ದಂಡ ಅಷ್ಟೇ.

ಪಟ್ಟಿ ಕಳಿಸಿದೆ. ಹರಿದವು ನಲವತ್ತಮೂರು.
೧೧೪೭ರ ಮುಂದೆ ಬರೆದದ್ದು: ಓದುಗರ ಕೈಯಲ್ಲಿದೆ.

ಸಂಜೆ ಐದಕ್ಕೆ ಪೇಪರು ಓದುವ ಹಿರಿಯರು ಬರುತ್ತಾರೆ,
ನಾಲ್ಕು ಮಂದಿ, ಎಲ್ಲರೂ ಎಪ್ಪತ್ತು ದಾಟಿದವರು.
ಮೇಜಿನ ಮೇಲೆ ತೆರೆದಿಟ್ಟಿದ್ದೇನೆ.
ಪೆನ್ಸಿಲೂ ಉಂಟು.